ಬಲಗಿವಿಯ ಬಳಿಯ ಗುಳಿಗೆ

ಔಲು ಊರಿನಲ್ಲಿ ಜನವರಿಯ ಸೂರ್ಯ
ಹತ್ತಕ್ಕೆ ಬಂದು ಎರಡೂವರೆಗೆ ಹೊರಡುತ್ತಾನೆ.
ಓಯ್ಲಿ ರಾಪ್ಪಾನ ನೆಲಮಾಳಿಗೆಯಲ್ಲಿ ಕೂತು
ಎಪ್ಪತ್ತೊಂದು ತಲೆಗಳನ್ನು ಒಂದೊಂದಾಗಿ
ಕನ್ನಡಿಗೆ ಹಿಡಿಯುತ್ತಾಳೆ:
ಎಡ ಬಲಕ್ಕೆ, ಬಲ ಎಡಕ್ಕೆ.
ಆಮೇಲೆ ಅಸಲಿನಿಂದ ಕನ್ನಡಿಯದನ್ನು ಕಳೆಯುವುದು.
ಎರಡೂ ಒಂದೇ ಆಗಿದ್ದರೆ ಸೊನ್ನೆ.
ಸೊನ್ನೆಯಾಗುವುದಿಲ್ಲ.

ತಲೆಯೊಳಗೆ ನೀರು ನಡೆಯುತ್ತದೆ,
ಎಳೆಗಳ ಗುಂಟ ಸಲೀಸಾಗಿ, ಅಡ್ಡಕ್ಕೆ ತಡೆತಡೆದು.
ಎಲ್ಲೆಲ್ಲಿ ಎಷ್ಟು ದಿಕ್ಕು ಹಿಡಿಯಿತೆಂಬ ಲೆಕ್ಕವೇ ಚಿತ್ರ.
ಮಾತು ಸಾಗುವ ಕಮಾನು ಎಡದಲ್ಲಿ ಕೊಂಚ ಬಿಗಿ,
ಇರಬಹುದು.

ಇರಬಹುದು ಎಂಬುದಕ್ಕೂ ಇಲ್ಲಿ ಪರೀಕ್ಷೆಯುಂಟು.
ಒಂದೊಂದು ತಲೆಯ ವ್ಯತ್ಯಾಸಕ್ಕೂ
ನಾಣ್ಯ ಚಿಮ್ಮಿದಂತೆ ಕೂಡುವ ಗುರುತೋ ಕಳೆಯುವ ಗುರುತೋ ಹಚ್ಚಿ
ಐದು ಸಾವಿರ ಸಲ ಸುಳ್ಳು ಲೋಕ ಕಟ್ಟು,
ಅವುಗಳ ಸಂತೆಯಲ್ಲಿ ನಿಜ
ತಲೆಯೆತ್ತಿ ಕಾಣುತ್ತದೆಯೇ ನೋಡು.
ಅರ್ಧ ಮಿದುಳು ನೋಡಿದರೆ ಸಾಕು;
ಇನ್ನರ್ಧ ಅದೇ ಮಾತು, ಗುರುತು ಬದಲು.

ನಲವತ್ತಮೂರನೆಯ ತಲೆಗೆ ಬಂದು ಕೈ ನಿಂತಿತು.
ಎಲ್ಲರ ಬಲಗಿವಿಯ ಬಳಿ ಮೀನೆಣ್ಣೆಯ ಗುಳಿಗೆಯೊಂದನ್ನು
ಅಂಟಿಸುವುದು ರೂಢಿ. ಚಿತ್ರದಲ್ಲಿ ಬಿಳಿ ಚುಕ್ಕೆ: ಇದು ಬಲ.
ಇವನಿಗೆ ಚುಕ್ಕೆಯೇ ಇಲ್ಲ.
ಕಡತ ಎರಡು ಸಲ ರೂಪ ಬದಲಿಸಿದೆ,
ಯಾವಾಗ ಮಗುಚಿತೋ ಯಂತ್ರಕ್ಕೂ ನೆನಪಿಲ್ಲ.

ಫೋನು ಮಾಡಿದಳು. ತೈಸ್ತೊ ಕಾರ್ಪಿನೆನ್,
ದೋಣಿ ಕಟ್ಟುತ್ತಿದ್ದವನು, ಎಪ್ಪತ್ತೆಂಟು.
"ಗುಳಿಗೆಯೇ? ಅಂಟು ತುರಿಸಿತು. ಕಿತ್ತು ನುಂಗಿದೆ."
ಅವಳು ಕೇಳದೆಯೇ ಮುಂದುವರಿಸಿದ:
"ಫಾರಮ್ಮಿನಲ್ಲಿ ಬಲಗೈ ಅಂತ ಬರೆದಿದ್ದೇನೆ. ಬರೆಯುವುದು ಬಲದಲ್ಲೇ.
ಶಾಲೆಯಲ್ಲಿ ಎಡಗೈಯನ್ನು ಬೆಂಚಿಗೆ ಕಟ್ಟುತ್ತಿದ್ದರು.
ಉಳಿ ಹಿಡಿಯುವುದು, ಹೆಂಡತಿಯ ಗೋರಿಯ ಹಿಮ ಒರೆಸುವುದು
ಎಡ."

ಅವರ ನುಡಿಯಲ್ಲಿ ಬಲವೆಂದರೆ ಸರಿ ಎಂದೂ ಅರ್ಥ.
ನಮ್ಮಲ್ಲಿ ಶಕ್ತಿ.
ಎಡಕ್ಕೆ ನಾವು ಕೊಟ್ಟದ್ದು
ಎಡವುವುದು, ಎಡವಟ್ಟು.

"ಮತ್ತೆ ಬರಲೇ? ಈ ಸಲ ನುಂಗುವುದಿಲ್ಲ."
ಏಪ್ರಿಲ್ ತನಕ ಯಂತ್ರ ಖಾಲಿಯಿಲ್ಲ.
ಅವನನ್ನು ಒಂದು ಬದಿಗೆ ತಿರುಗಿಸಿ ಸೇರಿಸಿದರೆ
ಫಲಿತಾಂಶ ಗೆರೆಯ ಈಚೆ ಬೀಳುತ್ತಿತ್ತು.
ಓಯ್ಲಿ ಅದನ್ನು ನೋಡಿದಳು, ಕಾಫಿ ಆರುವಷ್ಟು ಹೊತ್ತು.
ಅಳಿಸಿದಳು.

ಎಪ್ಪತ್ತು ತಲೆ. ಐದು ಸಾವಿರದಲ್ಲಿ
ಇನ್ನೂರೈವತ್ತು ಸುಳ್ಳು ನಿಜಕ್ಕಿಂತ ಎತ್ತರವಿದ್ದರೆ ಕ್ಷಮೆಯಿತ್ತು.
ಇನ್ನೂರ ತೊಂಬತ್ತು ಬಂತು.
ವರದಿಯಲ್ಲಿ ಕಂಡುಬಂದಿಲ್ಲ ಎಂದು ಬರೆದಳು.
ಇಲ್ಲ ಎಂದು ಬರೆಯಲು ಯಾರಿಗೂ ಹಕ್ಕಿಲ್ಲ.
ಹೊರಗೆ ಆಗಲೇ ಕತ್ತಲು, ಎರಡು ನಲವತ್ತು.