ಲೆಕ್ಕಕ್ಕುಂಟು

ಬೂಲಂಡ್ರಿಯ ಗೋಲ್ ಅಂಪೈರ್ ನಾನು.
ವಾರವೆಲ್ಲ ಟ್ರ್ಯಾಕ್ಟರ್ ಟೈರಿಗೆ ತೇಪೆ,
ಶನಿವಾರ ಮಾತ್ರ ಬಿಳಿ ಕೋಟು, ಕೈಗೊಂದು ಬಾವುಟ.

ನಡುವಿನ ಉದ್ದ ಕಂಬಗಳ ನಡುವೆ ತೂರಿದರೆ ಆರು,
ಪಕ್ಕಕ್ಕೆ ಸರಿದರೂ, ಕಂಬ ಸವರಿದರೂ ಒಂದು.
ಗುರಿ ತಪ್ಪಿದವನಿಗೂ ಕೂಲಿ ಕೊಡುವ
ಬೇರೆ ಆಟ ನಾ ಕಾಣೆ.

ಕ್ಲಾರಿ ಟ್ರೆಗೆಂಜಾ ಬಂದದ್ದು ಅಡಿಲೇಡಿನಿಂದ,
ಎಡ ಮಂಡಿಯ ಮೇಲೆ ಹೊಲಿಗೆಯ ಜರಿ ಹುಳ.
ದೊಡ್ಡ ಲೀಗಿನಲ್ಲಿ ನಲವತ್ತಮೂರು ಪಂದ್ಯ,
ಅರ್ಧಕ್ಕರ್ಧ ಬೆಂಚಿನ ಮೇಲೆ:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಪೇಪರಿನಲ್ಲಿ ಒಮ್ಮೆ ಬಂದ ಫೋಟೋ
ಪಬ್ಬಿನ ಗೋಡೆಯಲ್ಲಿದೆ ಇನ್ನೂ.
ಯಾವನೋ ಆಕಾಶದಲ್ಲಿ ಚೆಂಡು ಹಿಡಿದಿದ್ದಾನೆ;
ಅವನು ಮಂಡಿಯೂರಿದ ಹೆಗಲು ಕ್ಲಾರಿಯದು.

ಕೋಚ್ ಸಂಬಳ: ಗೋಧಿ ಸೈಲೋದಲ್ಲಿ ಕೆಲಸ,
ಬಾಡಿಗೆಯಿಲ್ಲದ ತಗಡಿನ ಮನೆ, ವರ್ಷಕ್ಕೊಂದು ಕುರಿ.
ಹದಿನೆಂಟು ಜನ ಕೂಡಿದ ದಿನವೇ ಹಬ್ಬ.
ಉಣ್ಣೆ ಕತ್ತರಿಸುವ ಡಾರ್ಸಿ, ಲುಥೆರನ್ ಪಾದ್ರಿ,
ಅಮ್ಮನ ಸಹಿ ಜೇಬಲ್ಲಿಟ್ಟುಕೊಂಡು ಬಂದ
ಹದಿನೈದರ ಹುಡುಗ ನೋಯೆಲ್ ಶುಲ್ಟ್ಸ್.
ಬೈಯುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಬೈದ.
ನೀಲಗಿರಿ ಮರದ ಗಲಾ ಹಕ್ಕಿಗಳೆಲ್ಲ
ಒಟ್ಟಿಗೇ ಎದ್ದು ಹಾರುವ ಹಾಗೆ.
ಆಮೇಲೆ ತಾನೇ ಕಿತ್ತಳೆ ಹೋಳು ಹಂಚುತ್ತಿದ್ದ,
ದೊಡ್ಡ ಹೋಳು ಪಾದ್ರಿಗೆ; ಯಾಕೋ ಗೊತ್ತಿಲ್ಲ.

ಏಳನೆಯ ವರ್ಷ, ಕೊನೆಯ ಪಂದ್ಯ.
ಜನ ಸಾಲದೆ ಬೂಟಿನ ಲೇಸು ಕಟ್ಟಿದ, ನಲವತ್ತೊಂದಕ್ಕೆ.
ನಾವು ಐದು ಹಿಂದೆ.
ಸೈರನ್ ಕೂಗುವ ಮುಂಚಿನ ಗಳಿಗೆ ಚೆಂಡು ಎದೆಗೆ ಬಿತ್ತು.
ಮೈದಾನದ ಸುತ್ತ ನಿಂತ ಕಾರುಗಳಲ್ಲಿ
ಎಲ್ಲರ ಕೈಯೂ ಹಾರನ್ ಮೇಲೆ.

ಒದ್ದ.
ಇಳಿಬಿಸಿಲು ನೇರ ನನ್ನ ಕಣ್ಣಿಗೆ.
ತಲೆಯ ಮೇಲೇನೋ ಹಾದುಹೋಯಿತು, ಅಷ್ಟೇ ಕಂಡದ್ದು.
ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಷ್ಟು ಸದ್ದು
ಆಯಿತೋ, ಇಲ್ಲವೋ.

ಅಂಪೈರ್ ಆದವನು ಆಟಗಾರನ ಮುಖ ನೋಡಬಾರದು.
ನೋಡಿದೆ.
ಅಷ್ಟು ದೂರದಲ್ಲಿ ಕ್ಲಾರಿ ಒಂದು ಬೆರಳೆತ್ತಿ,
ಬಗ್ಗಿ, ಸಾಕ್ಸು ಇಳಿಸತೊಡಗಿದ.

ಒಂದೇ ಬಾವುಟ ಬೀಸಿದೆ.
ಹಾರನ್ ಒಂದೂ ಕೂಗಲಿಲ್ಲ.
ಆ ರಾತ್ರಿ ಯಾರೂ ಅವನಿಗೊಂದು ಬಿಯರ್ ಕೊಡಿಸಲಿಲ್ಲ,
ನಾನೂ.

ಭಾನುವಾರ ಏಣಿ ಹೊತ್ತು ಮೈದಾನಕ್ಕೆ ಹೋದೆ.
ಬಿಳಿ ಬಣ್ಣದ ಮೇಲೆ ಚೆಂಡಿನ ಕೆಂಪು ಗೀರು ಹುಡುಕಿದೆ.
ಕಂಬದ ತುಂಬ ಗೀರುಗಳು.
ಯಾವುದು ಯಾವ ವರ್ಷದ್ದೋ, ಯಾರದ್ದೋ.

ಏಣಿ ಅಲುಗಾಡುವುದು ನಿಂತಿತು.
ಕೆಳಗೆ ಕ್ಲಾರಿ, ಕಾಲುಗಳನ್ನು ಎರಡೂ ಕೈಯಲ್ಲಿ ಹಿಡಿದು,
"ನಿಧಾನ," ಎಂದ, "ಮೂರನೇ ಮೆಟ್ಟಿಲು ಸಡಿಲ."