ಸಾಂದರ್ಭಿಕ ಚಿತ್ರ

ರಾತ್ರಿ ಹನ್ನೊಂದೂವರೆ. ಕೋಲಾರ ಆವೃತ್ತಿ ಅಚ್ಚಿಗೆ ಹೋಗಲು
ಇನ್ನು ಹತ್ತೇ ನಿಮಿಷ. ಮೊದಲ ಪುಟದಲ್ಲಿ
ನಾಲ್ಕು ಕಾಲಮ್ಮಿನಷ್ಟು ಗುಂಡಿ ಬಿದ್ದಿತ್ತು,
ಜಾಹೀರಾತು ಕೈಕೊಟ್ಟು.

ಆಗ ಬಂತು ಶ್ರೀನಿವಾಸಪುರದಿಂದ
ಎರಡೂವರೆ ಸಾಲು, ಹನ್ನೊಂದು ಸೆಕೆಂಡಿನ ವಿಡಿಯೋ:
ಬಸ್‌ ಸ್ಟ್ಯಾಂಡು, ಗೋಣಿತಾಟು ಸುತ್ತಿದ ಉದ್ದನೆಯ ಏನೋ,
ತುದಿಯಲ್ಲಿ ಇಣುಕುವ ಕಬ್ಬಿಣ,
ಹೊತ್ತವನ ಬೆನ್ನು.
ಮುಖ ಇರಲಿಲ್ಲ. ಬೇಕೂ ಆಗಲಿಲ್ಲ.

ಶೀರ್ಷಿಕೆ ನನ್ನದೇ:
'ಚುನಾವಣೆ ಹೊಸ್ತಿಲಲ್ಲಿ ಬಂದೂಕುಧಾರಿ!'
ಆ ಆಶ್ಚರ್ಯಸೂಚಕವನ್ನು ಒಮ್ಮೆ ಅಳಿಸಿದ್ದೆ,
ಸಾಲು ಬೋಳಾಗಿ ಕಂಡು ಮತ್ತೆ ಹಾಕಿದೆ.
ವಿಡಿಯೋ ಮಸುಕು. ಹಾಗಾಗಿ ಕಂಪ್ಯೂಟರಿನ ಕಣಜದಿಂದ
ಬೇರೊಂದು ಎಳೆದೆ: ಯಾವುದೋ ಮರಳುಗಾಡಿನ ಯುದ್ಧದ
ಕಪ್ಪು ರೈಫಲ್ಲು, ಬಾಳೆಕಾಯಿಯಂತೆ ಬಾಗಿದ ಮ್ಯಾಗಜಿನ್ನು.
ಕೆಳಗೆ, ಇರುವೆ ಗಾತ್ರದಲ್ಲಿ, ಸಾಂದರ್ಭಿಕ ಚಿತ್ರ.
ಆ ಎರಡು ಪದ ನಮ್ಮ ಕುಲದ ಗಂಗಾಸ್ನಾನ.

ಮೂರನೇ ದಿನ ಖಯ್ಯೂಮ್ ಸಾಬರ ಕಾರ್ಡು.
ಸಶಸ್ತ್ರ ಮೀಸಲು ಪಡೆಯಲ್ಲಿ ಮೂವತ್ತೊಂದು ವರ್ಷ
ಬಂದೂಕುಗಳ ಹೊಟ್ಟೆ ಬಿಚ್ಚಿ ಎಣ್ಣೆ ಕುಡಿಸಿದವರು.
ಹಿಂದೆಯೂ ಬರೆದಿದ್ದರು:
ರಿವಾಲ್ವರಿನಿಂದ ಖಾಲಿ ತೋಟಾ ತಾನಾಗಿ ಹಾರುವುದಿಲ್ಲ ಸ್ವಾಮಿ,
ಏರ್‌ಗನ್ನಿಗೆ ಮದ್ದಿನ ವಾಸನೆ ಇಲ್ಲ,
ಹನ್ನೆರಡು ಬೋರೆಂದರೆ ಹನ್ನೆರಡು ಗುಂಡಲ್ಲ.
ಆ ಕಾರ್ಡುಗಳನ್ನು ನಾವು
ಟೀ ಲೋಟದಡಿಗೆ ಇಟ್ಟುಕೊಂಡಿದ್ದೆವು.

ಈ ಸಲ ಅಕ್ಷರ ಒತ್ತಿ ಬರೆದಿದ್ದರು:
'ನೀವು ಹಾಕಿದ್ದು ನಿಮಿಷಕ್ಕೆ ಆರುನೂರು ಉಗುಳುವಂಥದ್ದು.
ಪಿಳ್ಳಪ್ಪನದು ಕೇಪಿನ ಕೋವಿ.
ಮದ್ದು ಸುರಿದು, ನಾರು ತುರುಕಿ, ಗಜದಲ್ಲಿ ಜಡಿದು,
ಚರೆ ಹಾಕಿ, ಮತ್ತೆ ನಾರು, ಕೇಪು ಕೂರಿಸಿ,
ಕುದುರೆ ಎಳೆಯುವಷ್ಟರಲ್ಲಿ
ಹಂದಿ ತೋಟ ದಾಟಿ ಆಂಧ್ರ ಸೇರಿರುತ್ತದೆ.
ಹೋಗಿ ನೋಡಿ ಬನ್ನಿ.'

ಹೋದೆ. ಮಾವು ಓಟೆ ಕಟ್ಟುವ ಕಾಲ.
ಅಟ್ಟಣೆಯ ಮೇಲೆ ಕೂತು ಪಿಳ್ಳಪ್ಪ
ಎಣ್ಣೆ ಡಬ್ಬ ಬಡಿಯುತ್ತಿದ್ದ, ಕೋವಿಯ ಬದಲಿಗೆ.
ಬೈಯಲಿಲ್ಲ. ಒಳಜೇಬಿನಿಂದ
ಬೆವರಿಗೆ ಮೆತ್ತಗಾದ ಕಾಗದ ತೆಗೆದ:
'ಚುನಾವಣೆ ಪ್ರಯುಕ್ತ, ಪರವಾನಗಿ ಹೊಂದಿದ ಆಯುಧವನ್ನು
ಏಳು ದಿನದೊಳಗೆ ಠಾಣೆಯಲ್ಲಿ ಜಮಾ ಮಾಡತಕ್ಕದ್ದು.'
'ಟೇಸನ್ನಿಗೆ ಕೊಡಾಕಂತಾನೇ ಹೋಗ್ತಿದ್ನಲ್ಲ ಸಾಮಿ.
ಹೊತ್ಕೊಂಡು ಹೋಗದೆ
ಹೆಂಗ್ ಕೊಡಾದು?'

ನನ್ನಲ್ಲಿ ಉತ್ತರವಿರಲಿಲ್ಲ. ನೆನಪಿತ್ತು.
ಅದೇ ವಾರ ಮಾಲೂರಿನ ಹತ್ತಿರದ ರೆಸಾರ್ಟು,
ಕ್ರಷರ್ ಮಾಲೀಕರ ಮನೆ ಮದುವೆ,
ವರನ ಅಣ್ಣ ಆಕಾಶಕ್ಕೆಂದು ಹೊಡೆದ ಪಿಸ್ತೂಲು
ಅಡುಗೆಯವನ ಭುಜ ಹರಿದಿತ್ತು.
ಅದಕ್ಕೂ ಶೀರ್ಷಿಕೆ ನನ್ನದೇ:
'ಸಂಭ್ರಮದ ವೇಳೆ ಆಕಸ್ಮಿಕವಾಗಿ ಹಾರಿದ ಗುಂಡು.'
ಗುಂಡು ತಾನೇ ಹಾರಿತು, ಗುಬ್ಬಿಯ ಹಾಗೆ.
ಹಾರಿಸಿದವನಿಗೆ ಹೆಸರಿಲ್ಲ, ಧಾರಿ ಎಂಬ ಬಾಲವೂ ಇಲ್ಲ.
ಭಾನುವಾರ ಅವರದೇ ಅರ್ಧಪುಟ, ಬಣ್ಣದಲ್ಲಿ,
ನೂತನ ದಂಪತಿಗೆ ಶುಭಾಶಯ.

ಹೊರಡುವಾಗ ಕಂಡೆ, ಪಿಳ್ಳಪ್ಪನ ಗುಡಿಸಲ ಗೋಡೆಯಲ್ಲಿ
ಅನ್ನದಗುಳಿನಿಂದ ಅಂಟಿಸಿದ ನನ್ನ ಕಪ್ಪು ರೈಫಲ್ಲು.
'ನಮ್ ತಾತಂದು,' ಅಂದ ಮೊಮ್ಮಗ.
ಅಲ್ಲ ಕಣೋ, ಅಂದೆ.
'ಪೇಪರಲ್ಲಿ ಬಂದೈತಲ್ಲ!'
ಹುಡುಗ ತಾತನ ಮುಖವನ್ನೊಮ್ಮೆ ನೋಡಿದ,
ಹೆಮ್ಮೆಯಿಂದಲೋ, ಭಯದಿಂದಲೋ.

ತಿದ್ದುಪಡಿ ಹಾಕಿಸಲು ಒಂಬತ್ತು ದಿನ ಬೇಕಾಯಿತು.
ಏಳನೇ ಪುಟ, ಒಂದು ಅಂಗುಲ,
ಟೊಮೆಟೊ ಬಾಕ್ಸಿನ ದರದ ಕೆಳಗೆ.
ಕೇಪಿನ ಕೋವಿ ಎಂದೆ, ಪರವಾನಗಿ ಇತ್ತು ಎಂದೆ,
ಠಾಣೆಗೇ ಒಯ್ಯುತ್ತಿದ್ದರು ಎಂದೆ,
ವಿಷಾದ ಎಂದೆ.

ಮತ್ತೆ ಕಾರ್ಡು ಬಂತು.
'ಹೆಸರು ಪಿಳ್ಳಪ್ಪ. ಪುಲ್ಲಪ್ಪ ಅಲ್ಲ.
ಉಳಿದದ್ದು ಸರಿಯಾಗಿದೆ. ಹುಡುಗನಿಗೆ ಓದಿ ಹೇಳಿದೆ.
ಇದರಲ್ಲಿ ಚಿತ್ರ ಎಲ್ಲಿ, ಅಂದ.'