ಸೋರಿದ ಮನೆಯ ನಂಬರು

ಲೀಟ್ರಿಮ್ಮಿನ ಕೆಸರಿನಲ್ಲಿ ನನ್ನ ಪಾಯ ಎದ್ದು ನಿಂತಿದೆ.
ಕಂಟ್ರಾಕ್ಟರ್ ಇಲ್ಲ. ಎಲ್ಲಕ್ಕೂ ನಾನೇ:
ಬೆಳಿಗ್ಗೆ ಶಾಲೆ ಬಸ್ಸು ಓಡಿಸುವವಳು,
ಸಂಜೆ ಅದೇ ಸ್ಟೇರಿಂಗಿನ ಮೇಲೆ
ಕೊಟೇಶನ್ನು ಹರಡಿಕೊಂಡು ಕೂಡುವವಳು.

ಪ್ಲಂಬರ್ ಏರಿಗೆಳೆದರೆ ವೈರಿಂಗಿನವನು ನೀರಿಗೆ.
ಗಾರೆಯವನು ಸೋಮವಾರ ಎಂದ,
ಯಾವ ಸೋಮವಾರ ಎನ್ನಲಿಲ್ಲ.
ಇನ್ನೊಬ್ಬ ಮುಂಗಡ ಎಣಿಸಿಕೊಂಡು
ಗೋಡೆಗೊಂದು ಏಣಿ ಒರಗಿಸಿ ಹೋದ.
ಏಣಿ ಇನ್ನೂ ಇದೆ;
ಅದೂ ಪಕ್ಕದ ಮನೆಯದಂತೆ.

ಛಾವಣಿಗೆ ಮೂವರು ಬಂದರು.
ಮೊದಲಿಬ್ಬರು ಫೋನಿನಲ್ಲಿ ಫೋಟೋ ತೋರಿಸಿದರು:
ಎಲ್ಲ ಮನೆಗಳ ಮೇಲೂ ಬಿಸಿಲು.
ಈ ಸೀಮೆಯಲ್ಲಿ ಅಷ್ಟು ಬಿಸಿಲು
ಹುಟ್ಟಿದಾಗಿನಿಂದ ನಾನು ಕಂಡಿಲ್ಲ.

ಮೂರನೆಯವನು ಫಿಂಟನ್ ಮ್ಯಾಕ್‌ಗವರ್ನ್.
ಚಹಾ ಬೇಡವೆಂದ. ತೊಲೆ ಮುಟ್ಟಿ, ಹಸಿಯಿದೆ ಎಂದ.
"ಚೆನ್ನಾಗಿ ಬಂದ ಮನೆಗಳು ಎಲ್ಲರ ಬಳಿಯೂ ಇರುತ್ತವೆ.
ನಾನು ಕೆಡಿಸಿದ ಮನೆಯ ನಂಬರು ಕೊಡುತ್ತೇನೆ, ಕೇಳು."

ರಾತ್ರಿ ಫೋನು ಮಾಡಿದೆ.
ಅತ್ತ ಅಸಂಪ್ಟಾ ಫ್ಲಿನ್, ಎಂಬತ್ತರ ದನಿ,
ನಾಯಿಯನ್ನು ಗದರುತ್ತಲೇ ಹೇಳಿದಳು:
"ಸೋರಿತ್ತು ಕಣೇ, ಚಿಮಣಿಯ ಬುಡದಲ್ಲಿ,
ಕ್ರಿಸ್‌ಮಸ್ಸಿನ ಮಧ್ಯಾಹ್ನ, ನೇರ ಹೆಬ್ಬಾತಿನ ತಟ್ಟೆಗೆ!
ಬಂದ. ಸೀಸದ ತಗಡು ಕಿತ್ತು ಹೊಸದು ಹಾಕಿದ.
ಮತ್ತೆ ಸೋರಿತು.
ಮತ್ತೆ ಬಂದ.
ಈಗ ಪಡುವಣ ಗಾಳಿಗೆ ಮಾತ್ರ ಒಂದೆರಡು ಹನಿ.
ಅದಕ್ಕೂ ಬರುತ್ತೇನೆ ಅಂತಾನೆ. ನಾನೇ ಬೇಡ ಅಂದೆ,
ಸದ್ದು ರೂಢಿಯಾಗಿಬಿಟ್ಟಿದೆ."

ಮರುದಿನ ಕೊನೆಯ ಮಗು ಇಳಿದ ಮೇಲೆ
ಬಸ್ಸು ನಿಲ್ಲಿಸಿ ಅವನಿಗೆ ಹೇಳಿದೆ, ಬಾ.
ಬರುವಾಗ ಪೇಟೆಯಲ್ಲಿ ಇಳಿದು
ಒಂದು ಬಕೆಟ್ಟೂ ಕೊಂಡುತಂದೆ.